ದ್ವೀಪ ಪ್ರವಾಸದ ಪುಟದಲ್ಲಿ ಓಡುವವರಿಗೂ ಜಾಗವಿರಲಿ

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಬಂದ ದ್ವೀಪ ಪ್ರವಾಸದ ಲೇಖನವನ್ನು ಗಂಗಾವತಿಯ ನಾವು ಎಂಟು ಹತ್ತು ಮಂದಿ ಒಟ್ಟಿಗೆ ಕುಳಿತು ಓದಿದೆವು. ನಾವೆಲ್ಲ ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ದಾರಿಯಲ್ಲಿ ದಿನವೂ ನಸುಕಿನಲ್ಲಿ ಓಡುವವರು. ಓಟ ಮುಗಿಸಿ ಚಹಾದಂಗಡಿಯ ಮುಂದೆ ಕುಳಿತಾಗಲೇ ಪತ್ರಿಕೆ ನಮ್ಮ ಕೈಗೆ ಬರುತ್ತದೆ. ಯಾವ ದ್ವೀಪಕ್ಕೆ ಯಾವ ತಿಂಗಳಲ್ಲಿ ಹೋಗಬೇಕು, ಹಡಗು ಎಲ್ಲಿಂದ ಹೊರಡುತ್ತದೆ, ಹವಳ ನೋಡಲು ಎಲ್ಲಿ ನೀರಿಗಿಳಿಯಬೇಕು, ಊಟಕ್ಕೆ ಏನು ಸಿಗುತ್ತದೆ ಎಂಬುದೆಲ್ಲ ಲೇಖನದಲ್ಲಿ ವಿವರವಾಗಿತ್ತು. ಆದರೆ ಬೆಳಗಿನ ಐದು ಗಂಟೆಗೆ ಎದ್ದು, ಬೂಟಿನ ಲೇಸು ಕಟ್ಟಿಕೊಂಡು ವಸತಿಗೃಹದ ಬಾಗಿಲಲ್ಲಿ ನಿಂತವನು ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. 31 ವರ್ಷ ದೈಹಿಕ ಶಿಕ್ಷಕನಾಗಿ ದುಡಿದು ನಿವೃತ್ತನಾಗಿರುವ ನಾನು, ಕಳೆದ ಕೆಲವು ವರ್ಷಗಳಲ್ಲಿ ಎರಡು ದ್ವೀಪ ಪ್ರವಾಸಗಳನ್ನು ಓಡುತ್ತಲೇ ನೋಡಿ ಬಂದವನು. ಆ ಅನುಭವದ ಬಲದಿಂದ ಈ ಪತ್ರ ಬರೆಯುತ್ತಿದ್ದೇನೆ.

ಇದು ನಾಲ್ಕಾರು ಜನರ ಹವ್ಯಾಸದ ಮಾತಷ್ಟೇ ಅಲ್ಲ ಎಂಬುದನ್ನು ಮೊದಲೇ ಹೇಳಬೇಕು. ಭತ್ತದ ಕಟಾವು ಮುಗಿದು ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ನಮ್ಮ ಭಾಗದ ಕುಟುಂಬಗಳು ಗುಂಪು ಕಟ್ಟಿಕೊಂಡು ಪ್ರವಾಸ ಹೋಗುವುದು ಈಗ ಸಾಮಾನ್ಯವಾಗಿದೆ. ಒಂದು ಕಾಲಕ್ಕೆ ತಿರುಪತಿ, ಶ್ರೀಶೈಲ, ಪಂಢರಪುರಗಳಷ್ಟೇ ಇದ್ದ ಪಟ್ಟಿಯಲ್ಲಿ ಈಗ ಅಂಡಮಾನ್, ಶ್ರೀಲಂಕಾ, ಬಾಲಿಗಳೂ ಸೇರಿವೆ. ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ವೈದ್ಯರ ಮಾತು ಕೇಳಿ ನಡೆಯಲು ಆರಂಭಿಸಿ ಕ್ರಮೇಣ ಓಟಕ್ಕೆ ಬಂದವರು ಪ್ರತಿ ಗುಂಪಿನಲ್ಲೂ ಇಬ್ಬರೋ ಮೂವರೋ ಇದ್ದೇ ಇರುತ್ತಾರೆ. ಗುಂಪು ಪ್ರವಾಸದಲ್ಲಿ ಬೆಳಗಿನ ತಿಂಡಿಯಿಂದ ರಾತ್ರಿಯ ಊಟದವರೆಗಿನ ಹೊತ್ತೆಲ್ಲ ಸಂಘಟಕರದು. ಯಾವ ಗಳಿಗೆಯಲ್ಲಿ ಬಸ್ಸು ಹತ್ತಬೇಕು, ಎಷ್ಟು ನಿಮಿಷ ಫೋಟೊ ತೆಗೆಸಿಕೊಳ್ಳಬೇಕು ಎಂಬುದನ್ನೂ ಅವರೇ ನಿರ್ಧರಿಸುತ್ತಾರೆ. ಪ್ರವಾಸಿಗನ ಸ್ವಂತಕ್ಕೆ ಉಳಿಯುವುದು ತಿಂಡಿಗೆ ಮುಂಚಿನ ಎರಡು ತಾಸು ಮಾತ್ರ. ಆ ಎರಡು ತಾಸಿನಲ್ಲಿ ಊರು ಅಂಗಳ ಗುಡಿಸುತ್ತಿರುತ್ತದೆ, ಮೀನಿನ ದೋಣಿಗಳು ದಡಕ್ಕೆ ಬರುತ್ತಿರುತ್ತವೆ, ಶಾಲೆಗೆ ಹೋಗುವ ಮಕ್ಕಳು ಬಾವಿಕಟ್ಟೆಯಲ್ಲಿ ಮುಖ ತೊಳೆಯುತ್ತಿರುತ್ತಾರೆ. ಬಸ್ಸಿನ ಕಿಟಕಿಯಿಂದ ಕಾಣದ ಈ ಊರು ಓಡುವವನಿಗೆ ಕಾಣುತ್ತದೆ. ಆ ಹೊತ್ತನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದನ್ನು ಪತ್ರಿಕೆ ತಿಳಿಸಿಕೊಡಬೇಕು ಎಂಬುದೇ ನನ್ನ ಬೇಡಿಕೆ.

ದ್ವೀಪವೆಂದರೆ ನಮ್ಮ ಭಾಗದವರಿಗೆ ಅಪರಿಚಿತವಾದುದೇನೂ ಅಲ್ಲ. ನದಿಯ ನಡುವಿನ ನೆಲವನ್ನು ನಾವು ಗಡ್ಡೆ ಎಂದು ಕರೆಯುತ್ತೇವೆ. ಆನೆಗೊಂದಿಯ ಬಳಿಯ ನವವೃಂದಾವನ ಗಡ್ಡೆಯನ್ನೂ ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯನ್ನೂ ನೋಡದವರು ಇಲ್ಲಿ ಕಡಿಮೆ. ಹರಿಗೋಲಿನಲ್ಲಿ ದಾಟಿ ಹೋಗಿ, ಬಂಡೆಗಳ ನಡುವಿನ ಗದ್ದೆಯ ಬದುಗಳ ಮೇಲೆ ಓಡುವುದನ್ನು ನಾನು ಕಲಿತದ್ದು ವಿರೂಪಾಪುರ ಗಡ್ಡೆಯಲ್ಲಿ. ಅಲ್ಲಿ ಕಲಿತ ಮೊದಲ ಪಾಠ, ನೀರು ಏರುವ ಹೊತ್ತು ತಿಳಿಯದೆ ಗಡ್ಡೆಗೆ ಕಾಲಿಡಬಾರದು ಎಂಬುದು. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ಆ ಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಹೆಲಿಕಾಪ್ಟರ್ ತಂದು ಹೊರಗೆ ಸಾಗಿಸಬೇಕಾಯಿತು. ಸಮುದ್ರದ ದ್ವೀಪದಲ್ಲಿ ನೀರು ಸಾಮಾನ್ಯವಾಗಿ ಹಾಗೆ ಒಮ್ಮೆಲೇ ನುಗ್ಗುವುದಿಲ್ಲ, ಆದರೆ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಅಂಡಮಾನಿನಲ್ಲಿ ಓಡಬಯಸುವವನು ಎಲ್ಲಕ್ಕಿಂತ ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಅಲ್ಲಿನ ಗಡಿಯಾರವನ್ನು. ಗಂಗಾವತಿ ಸುಮಾರು 76.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಈಗ ಶ್ರೀ ವಿಜಯಪುರಂ ಎಂದು ಕರೆಯಲಾಗುವ ಪೋರ್ಟ್ ಬ್ಲೇರ್ ಸುಮಾರು 92.7 ಡಿಗ್ರಿಯಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಸೂರ್ಯ ಅಲ್ಲಿ ನಮಗಿಂತ ಒಂದು ಗಂಟೆಗೂ ಮೊದಲೇ ಹುಟ್ಟುತ್ತಾನೆ, ಆದರೆ ಇಡೀ ದೇಶಕ್ಕೆ ಗಡಿಯಾರ ಒಂದೇ. ಸಂಕ್ರಾಂತಿಯ ದಿನಗಳಲ್ಲಿ ನಮ್ಮಲ್ಲಿ 6:50ರ ಸುಮಾರಿಗೆ ಸೂರ್ಯೋದಯವಾದರೆ ಅಲ್ಲಿ 5:45ರ ಸುಮಾರಿಗೇ ಆಗಿಬಿಡುತ್ತದೆ. ಮೇ ತಿಂಗಳಲ್ಲಂತೂ ಐದು ಗಂಟೆಗೆ ಮುಂಚೆಯೇ ಬೆಳಕು ಹರಿದಿರುತ್ತದೆ. ಊರಿನ ಅಭ್ಯಾಸದಂತೆ ಆರು ಗಂಟೆಗೆ ಎದ್ದು ಆರೂವರೆಗೆ ಹೊರಟವನು ಅಲ್ಲಿ ಏರು ಬಿಸಿಲಿನಲ್ಲಿ ಓಡಬೇಕಾಗುತ್ತದೆ. ನಾವು ಇಳಿದುಕೊಂಡಿದ್ದ ವಸತಿಗೃಹವೊಂದರಲ್ಲಿ ಗೇಟಿನ ಬೀಗವನ್ನು ಆರು ಗಂಟೆಗಲ್ಲದೆ ತೆಗೆಯುವುದಿಲ್ಲವೆಂದು ಹಟ ಹಿಡಿದರು. ಮೊದಲ ದಿನ ನಾನು ಗೇಟಿನ ಸರಳುಗಳ ಹಿಂದೆ ನಿಂತು ಸೂರ್ಯ ಮೇಲೇರುವುದನ್ನು ನೋಡಬೇಕಾಯಿತು. ಆ ಬೆಳಗನ್ನು ನೆನೆದರೆ ಇಂದಿಗೂ ನನಗೆ ಬೇಸರವಾಗುತ್ತದೆ. ಆದ್ದರಿಂದ ಕೋಣೆ ಕಾಯ್ದಿರಿಸುವಾಗಲೇ ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಪೋರ್ಟ್ ಬ್ಲೇರ್‌ನಲ್ಲಿ ನಾನು ಮನಸಾರೆ ಶಿಫಾರಸು ಮಾಡುವ ದಾರಿ, ಸೆಲ್ಯುಲರ್ ಜೈಲಿನ ಇಳಿಜಾರಿನಿಂದ ಕಡಲ ಬದಿಗೆ ಇಳಿದು ದಕ್ಷಿಣಕ್ಕೆ ಕಾರ್ಬಿನ್ಸ್ ಕೋವ್ ಕಡಲತೀರದವರೆಗೆ ಹೋಗುವ ಡಾಂಬರು ರಸ್ತೆ. ದೂರ ಆರೇಳು ಕಿಲೋಮೀಟರ್. ಹೋಗುವಾಗ ಎಡಗಡೆಗೆ ಉದ್ದಕ್ಕೂ ಸಮುದ್ರ, ಬಲಗಡೆಗೆ ತೆಂಗು ಮತ್ತು ಗುಡ್ಡ. ಕಡಲು ಪೂರ್ವಕ್ಕೆ ತೆರೆದುಕೊಂಡಿರುವುದರಿಂದ, ಒಂದು ಕಾಲಕ್ಕೆ ರಾಸ್ ದ್ವೀಪವಾಗಿದ್ದು 2018ರಲ್ಲಿ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪವೆಂದು ಹೆಸರು ಪಡೆದ ಪುಟ್ಟ ನಡುಗಡ್ಡೆಯ ಬೆನ್ನಿಗೆ ಸೂರ್ಯ ಮೂಡುವುದನ್ನು ನೋಡುತ್ತಲೇ ಓಡಬಹುದು. ದಾರಿಯ ಬದಿಯಲ್ಲಿ ಅಲ್ಲಲ್ಲಿ ಸಿಮೆಂಟಿನ ಗೂಡುಗಳಂಥ ರಚನೆಗಳು ಸಿಗುತ್ತವೆ. ಅವು ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ ಈ ದ್ವೀಪಗಳನ್ನು ಹಿಡಿದಿದ್ದ ಜಪಾನಿ ಸೈನ್ಯ ಕಟ್ಟಿದ ಬಂಕರುಗಳು. 1906ರಲ್ಲಿ ಕಟ್ಟಿ ಮುಗಿಸಿದ ಜೈಲಿನ ಏಳು ಸಾಲುಗಳಲ್ಲಿ ಈಗ ಮೂರು ಮಾತ್ರ ಉಳಿದಿವೆ. ಹಗಲಿನಲ್ಲಿ ಮಾರ್ಗದರ್ಶಕನ ಹಿಂದೆ ನೂರಾರು ಜನರ ನಡುವೆ ಆ ಗೋಡೆಗಳನ್ನು ನೋಡುವುದು ಒಂದು ಬಗೆ. ನಸುಕಿನ ಮೌನದಲ್ಲಿ ಅದೇ ಗೋಡೆಯ ಬುಡದಿಂದ ಹೊರಟು, ಒಳಗಿದ್ದವರ ಕಣ್ಣಿಗೆ ಬೀಳದಿದ್ದ ಸಮುದ್ರದ ಪಕ್ಕದಲ್ಲಿ ಸ್ವತಂತ್ರವಾಗಿ ಉಸಿರಾಡುತ್ತ ಓಡುವುದು ಇನ್ನೊಂದು ಬಗೆ. ಎರಡನೆಯ ದಿನ ಆ ರಸ್ತೆಯಲ್ಲಿ ನನಗೆ ಕಣ್ಣು ತುಂಬಿ ಬಂದಿತ್ತು ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ. ರಸ್ತೆಗೆ ಎಲ್ಲ ಕಡೆಯೂ ಪಾದಚಾರಿ ಮಾರ್ಗ ಇಲ್ಲವಾದ್ದರಿಂದ ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಬೇಕು, ತಿರುವುಗಳಲ್ಲಿ ಎಚ್ಚರ ಬೇಕು.

ಸ್ವರಾಜ್ ದ್ವೀಪ, ಅಂದರೆ ಹಿಂದಿನ ಹ್ಯಾವ್‌ಲಾಕ್, ಓಟಗಾರನ ಪಾಲಿಗೆ ಇನ್ನೂ ದೊಡ್ಡ ಕೊಡುಗೆ. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳು ನೆಲೆ ನಿಂತ ಈ ದ್ವೀಪದ ಹಳ್ಳಿಗಳಿಗೆ ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ, ರಾಧಾನಗರ ಎಂಬ ಹೆಸರುಗಳಿವೆ. ಒಂದು ತೀರಕ್ಕೆ ವಿಜಯನಗರ ಎಂಬ ಹೆಸರೂ ಇದೆ. ಆನೆಗೊಂದಿಯ ನೆರೆಯಿಂದ ಹೋದ ನಮಗೆ ಆ ನಾಮಫಲಕ ಕಂಡಾಗ ಆದ ಸಂತೋಷವನ್ನು ಬೇರೆ ಊರಿನವರಿಗೆ ವಿವರಿಸುವುದು ಕಷ್ಟ. ವಿಜಯನಗರ ತೀರದಿಂದ ಕಾಲಾಪತ್ಥರ್ ತೀರದ ಕಡೆಗೆ ಹೋಗುವ ರಸ್ತೆ ಕಡಲಿಗೆ ಅಂಟಿಕೊಂಡೇ ಸಾಗುತ್ತದೆ. ವಾಹನ ವಿರಳ, ಅಡಿಕೆ ತೋಟಗಳ ನೆರಳು ಅಲ್ಲಲ್ಲಿ ಸಿಗುತ್ತದೆ, ಪೂರ್ವದ ಬೆಳಕು ನೇರವಾಗಿ ಮುಖಕ್ಕೆ ಬೀಳುತ್ತದೆ. ಬೆಳಗಿನ ಓಟಕ್ಕೆ ಎಲ್ಲರೂ ಇದನ್ನೇ ಹೇಳುತ್ತಾರೆ, ನಾನೂ ಒಪ್ಪುತ್ತೇನೆ.

ಆದರೆ ಅದಕ್ಕಿಂತಲೂ ನನಗೆ ಮೆಚ್ಚುಗೆಯಾದದ್ದು ರಾಧಾನಗರ ತೀರದ ಬೆಳಗು. ಸೂರ್ಯಾಸ್ತಕ್ಕೆ ಹೆಸರಾದ ಆ ತೀರಕ್ಕೆ ಪ್ರವಾಸಿಗಳನ್ನು ಸಂಜೆಯಷ್ಟೇ ಕರೆದೊಯ್ಯುತ್ತಾರೆ. ತೀರ ಪಶ್ಚಿಮಕ್ಕೆ ಮುಖ ಮಾಡಿದೆ, ಅದರ ಬೆನ್ನಿಗೆ ಪೂರ್ವದಲ್ಲಿ ಎತ್ತರವಾದ ಮರಗಳ ದಟ್ಟ ಕಾಡಿದೆ. ಹೀಗಾಗಿ ಸೂರ್ಯ ಹುಟ್ಟಿದ ಮೇಲೂ ಬಹಳ ಹೊತ್ತು ಮರಳಿನ ಮೇಲೆ ಕಾಡಿನ ನೆರಳು ಚಾಚಿಕೊಂಡಿರುತ್ತದೆ. ಬೇರೆಡೆ ಬಿಸಿಲಿಗೆ ಹೆದರಿ ಓಟ ನಿಲ್ಲಿಸಬೇಕಾದ ಹೊತ್ತಿನಲ್ಲಿ ಇಲ್ಲಿ ತಂಪಾದ ಒದ್ದೆ ಮರಳಿನ ಮೇಲೆ ಓಡಬಹುದು. ಹಡಗುಕಟ್ಟೆಯಿಂದ ಸುಮಾರು 12 ಕಿಲೋಮೀಟರ್ ದೂರವಿರುವುದರಿಂದ ಹಿಂದಿನ ರಾತ್ರಿಯೇ ಆಟೊದವರಿಗೆ ಹೇಳಿಟ್ಟುಕೊಳ್ಳಬೇಕು. ತೀರದ ತುದಿಯಲ್ಲಿ ಹಿನ್ನೀರಿನಂತೆ ನಿಂತ ಜಾಗದ ಬಳಿಗೆ ಮಾತ್ರ ಹೋಗಬಾರದು. ಅಂಡಮಾನಿನ ಹಳ್ಳಗಳು ಕಡಲು ಸೇರುವ ಕಡೆಗಳಲ್ಲಿ ಉಪ್ಪುನೀರಿನ ಮೊಸಳೆಗಳಿರುತ್ತವೆ, 2010ರಲ್ಲಿ ಇಲ್ಲಿಯೇ ಒಬ್ಬ ವಿದೇಶಿ ಪ್ರವಾಸಿ ಪ್ರಾಣ ಕಳೆದುಕೊಂಡರು. ಎಚ್ಚರಿಕೆಯ ಫಲಕ ಇರುವಲ್ಲಿಂದ ಹಿಂದಕ್ಕೆ ತಿರುಗಿದರೆ ಭಯಕ್ಕೆ ಕಾರಣವಿಲ್ಲ. ಹಾಗೆಯೇ ಜಾರವಾ ಆದಿವಾಸಿ ಜನರ ಮೀಸಲು ಅರಣ್ಯದ ನಡುವೆ ಹಾದುಹೋಗುವ ಹೆದ್ದಾರಿಯಲ್ಲಿ ವಾಹನದಿಂದ ಇಳಿಯುವುದೇ ನಿಷಿದ್ಧ. ಎಷ್ಟೇ ಸುಂದರವಾಗಿ ಕಂಡರೂ ಅದು ನಮ್ಮ ಓಟದ ದಾರಿಯಲ್ಲ. ಆ ಜನರ ನೆಮ್ಮದಿ ನಮ್ಮ ಹವ್ಯಾಸಕ್ಕಿಂತ ದೊಡ್ಡದು.

ಇನ್ನು ನಾನು ಅನುಭವಿಸಿದ ತೊಂದರೆಯ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನೆಲದಲ್ಲಿ ಬೆಳೆದ ನಮಗೆ, ಮೂವತ್ತು ಡಿಗ್ರಿಯ ದ್ವೀಪ ಏನು ಮಾಡೀತು ಎಂಬ ಭಾವನೆ ಸಹಜ. ನನ್ನಲ್ಲೂ ಅದು ಇತ್ತು. ಕಾಲಾಪತ್ಥರ್ ರಸ್ತೆಯಲ್ಲಿ ಊರಿನ ವೇಗದಲ್ಲೇ ಎಂಟು ಕಿಲೋಮೀಟರ್ ಓಡಿದ ಮೇಲೆ ತಲೆ ಸುತ್ತಿ, ಮೀನಖಂಡ ಹಿಡಿದುಕೊಂಡು, ರಸ್ತೆಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಎಳನೀರು ಮಾರಲು ಕೈಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಬಂಗಾಳಿ ಹಿರಿಯರೊಬ್ಬರು ನನ್ನನ್ನು ನೆರಳಿಗೆ ಕರೆದೊಯ್ದು, ಎರಡು ಎಳನೀರು ಕುಡಿಸಿ, ತಮ್ಮ ಬುತ್ತಿಯಿಂದ ಚಿಟಿಕೆ ಉಪ್ಪನ್ನೂ ಕೊಟ್ಟರು. ಎಷ್ಟು ಒತ್ತಾಯಿಸಿದರೂ ಒಂದರ ಬೆಲೆಯನ್ನಷ್ಟೇ ತೆಗೆದುಕೊಂಡರು. ಅವರ ಋಣ ನನ್ನ ಮೇಲಿದೆ.

ಆದದ್ದೇನೆಂದು ಆಮೇಲೆ ಯೋಚಿಸಿದರೆ ಉತ್ತರ ಸರಳವಾಗಿತ್ತು. ಅದನ್ನು ಮಕ್ಕಳಿಗೆ ಪಾಠ ಹೇಳಿದವನೇ ನಾನು. ಬೆವರು ಸುರಿಯುವುದರಿಂದ ಮೈ ತಣಿಯುವುದಿಲ್ಲ, ಬೆವರು ಆರುವುದರಿಂದ ತಣಿಯುತ್ತದೆ. ನಮ್ಮ ಬಯಲುಸೀಮೆಯ ಒಣಗಾಳಿಯಲ್ಲಿ ಬೆವರು ಹುಟ್ಟಿದ ಕೂಡಲೇ ಆರಿಹೋಗಿ ಬನಿಯನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿಯುತ್ತದೆ. ದ್ವೀಪದ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುವುದರಿಂದ ಬೆವರು ಆರುವುದಿಲ್ಲ, ಬಟ್ಟೆಯಿಂದ ತೊಟ್ಟಿಕ್ಕುತ್ತದೆ. ನೀರೂ ಉಪ್ಪೂ ಹೊರಗೆ ಹೋಗುತ್ತವೆ, ಶಾಖ ಒಳಗೇ ಉಳಿಯುತ್ತದೆ. ಇಂಥ ಹವೆಗೆ ಮೈ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು, ನಮ್ಮ ಪ್ರವಾಸ ಮುಗಿಯುವುದೇ ಆರೇಳು ದಿನಕ್ಕೆ. ಆದ್ದರಿಂದ ಕೈಗಡಿಯಾರದ ವೇಗವನ್ನು ಮರೆತು, ಪಕ್ಕದವರೊಂದಿಗೆ ಮಾತಾಡಲು ಸಾಧ್ಯವಾಗುವಷ್ಟು ಉಸಿರಿಟ್ಟುಕೊಂಡು ಓಡಬೇಕು. ಮೊದಲ ಎರಡು ದಿನ ಊರಿನ ಅರ್ಧ ದೂರ ಸಾಕು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ನಾವು ಕಳೆದುಕೊಳ್ಳುವ ಸೋಡಿಯಂ ಮಾತ್ರ ಎಳನೀರಿನಲ್ಲಿ ಕಡಿಮೆ. ಔಷಧಿ ಅಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣಗಳನ್ನು ಊರಿನಿಂದಲೇ ಒಯ್ಯುವುದು ಲೇಸು. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ಹೊರಡುವ ಮುಂಚೆ ತಮ್ಮ ವೈದ್ಯರನ್ನು ಒಂದು ಮಾತು ಕೇಳಲೇಬೇಕು.

ಮರಳಿನ ಮೇಲೆ ಓಡುವುದಕ್ಕೂ ಒಂದು ಕ್ರಮವಿದೆ. ಒಣ ಮರಳಿನಲ್ಲಿ ಹಿಮ್ಮಡಿ ಹೂತು ಮೀನಖಂಡಕ್ಕೆ ನೋವಾಗುತ್ತದೆ. ನೀರು ಇಳಿದು ಹೋದ ಮೇಲೆ ಉಳಿಯುವ ಒದ್ದೆ ಮರಳು ನಮ್ಮ ಶಾಲೆಯ ಮೈದಾನದಂತೆ ಗಟ್ಟಿಯಾಗಿರುತ್ತದೆ. ಆದ್ದರಿಂದ ಇಳಿತದ ಹೊತ್ತು ಯಾವುದೆಂದು ತಿಳಿದಿರಬೇಕು. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುತ್ತದೆ, ಹಾಗಾಗಿ ದಿನದಿಂದ ದಿನಕ್ಕೆ ಆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಬಹಳ ಏರಿ ಬಹಳ ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಏರಿಳಿತ ಕಡಿಮೆ. ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರ್ ತೂಗುಹಾಕುವ ನಮ್ಮ ಮನೆಗಳಲ್ಲಿ ಪ್ರವಾಸದ ದಿನಾಂಕ ಗೊತ್ತು ಮಾಡುವಾಗಲೇ ಈ ಲೆಕ್ಕವನ್ನೂ ನೋಡಿಕೊಳ್ಳಬಹುದು. ಅಂದಂದಿನ ನಿಖರವಾದ ಹೊತ್ತನ್ನು ಸ್ಥಳೀಯ ಮೀನುಗಾರರೇ ಹೇಳುತ್ತಾರೆ. ಇನ್ನೊಂದು ಸೂಕ್ಷ್ಮವೆಂದರೆ, ತೀರದ ಮರಳು ಸಮುದ್ರದ ಕಡೆಗೆ ವಾಲಿರುವುದರಿಂದ ಓಡುವಾಗ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ. ಹೋದ ದಾರಿಯಲ್ಲೇ ಹಿಂತಿರುಗಿದರೆ ಆ ಭಾರ ಎರಡೂ ಕಾಲುಗಳಿಗೆ ಹಂಚಿಹೋಗುತ್ತದೆ, ಸೊಂಟ ಮೊಣಕಾಲು ನೋಯುವುದಿಲ್ಲ. ಹವಳದ ಚೂರುಗಳಿರುವ ತೀರದಲ್ಲಿ ಬರಿಗಾಲಿನ ಓಟ ಬೇಡ. ಆ ಗಾಯ ಬೇಗ ಮಾಯುವುದಿಲ್ಲ. ಒದ್ದೆಯಾದ ಬೂಟಿನೊಳಗೆ ರಾತ್ರಿ ಹಳೆಯ ಪತ್ರಿಕೆಯ ಹಾಳೆಗಳನ್ನು ಮುದುಡಿ ತುರುಕಿಟ್ಟರೆ ಬೆಳಗಿನ ಹೊತ್ತಿಗೆ ಬಹುಮಟ್ಟಿಗೆ ಒಣಗಿರುತ್ತದೆ.

ಶಹೀದ್ ದ್ವೀಪ, ಹಿಂದಿನ ನೀಲ್, ತೀರಾ ಚಿಕ್ಕದು. ಸೂರ್ಯೋದಯಕ್ಕೆ ಸೀತಾಪುರ ತೀರ, ಸೂರ್ಯಾಸ್ತಕ್ಕೆ ಲಕ್ಷ್ಮಣಪುರ ತೀರ. ನಡುವೆ ತರಕಾರಿ ಹೊಲಗಳು ಮತ್ತು ಗದ್ದೆಗಳ ನಡುವಿನ ಸಮತಟ್ಟಾದ ರಸ್ತೆ. ಹಸಿರು ಗದ್ದೆಯ ಬದಿಯಲ್ಲಿ ಓಡುವಾಗ ನಮ್ಮ ಕಾಲುವೆಯ ದಾರಿಯೇ ನೆನಪಾಯಿತು. ಅಲ್ಲಿನ ಪ್ರಸಿದ್ಧ ಕಲ್ಲಿನ ಕಮಾನಿನವರೆಗೆ ಇಳಿತದ ಹೊತ್ತಿನಲ್ಲಿ ಮಾತ್ರ ಹೋಗಬಹುದು, ಅದನ್ನೂ ನಡೆದೇ ಹೋಗಬೇಕು. ಕಾಲಡಿಯ ಬಂಡೆ ಚೂಪಾಗಿಯೂ ಪಾಚಿಗಟ್ಟಿಯೂ ಇರುತ್ತದೆ.

ಶ್ರೀಲಂಕಾದಲ್ಲಿ ನನ್ನ ಮನಸ್ಸಿನಲ್ಲಿ ನಿಂತಿರುವುದು ಗಾಲೆ ಕೋಟೆ. ಪೋರ್ಚುಗೀಸರು 1588ರಲ್ಲಿ ಆರಂಭಿಸಿ, 17ನೆಯ ಶತಮಾನದಲ್ಲಿ ಡಚ್ಚರು ಬಲಪಡಿಸಿದ ಈ ಕೋಟೆ 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಕೋಟೆಯ ಗೋಡೆಯ ಮೇಲೆಯೇ ಓಡಾಡುವಷ್ಟು ಅಗಲವಾದ ದಾರಿಯಿದೆ. ಒಂದು ಕಡೆ ಹಿಂದೂ ಮಹಾಸಾಗರ, ಇನ್ನೊಂದು ಕಡೆ ಹೆಂಚಿನ ಮನೆಗಳ ಸಾಲು, ತುದಿಯಲ್ಲಿ 1939ರಲ್ಲಿ ಕಟ್ಟಿದ ಬಿಳಿಯ ದೀಪಸ್ತಂಭ. 2004ರ ಸುನಾಮಿಯಲ್ಲಿ ಹೊರಗಿನ ಗಾಲೆ ಪಟ್ಟಣ ಹಾಳಾದರೂ ಈ ಗೋಡೆಗಳು ಒಳಗಿನ ಊರನ್ನು ಬಹುಮಟ್ಟಿಗೆ ಕಾಪಾಡಿದವು. ಸುತ್ತು ಚಿಕ್ಕದಾದ್ದರಿಂದ ಎರಡು ಮೂರು ಸಲ ಓಡಬಹುದು. ಪ್ರತಿ ಸುತ್ತಿನಲ್ಲೂ ಬೆಳಕು ಬದಲಾಗಿರುತ್ತದೆ. ಕೋಟೆ, ಬುರುಜುಗಳ ನಡುವೆ ಬೆಳೆದ ನಮ್ಮ ಜನಕ್ಕೆ ಇದು ವಿಶೇಷವಾಗಿ ಹಿಡಿಸುತ್ತದೆ ಎಂದು ನನ್ನ ನಂಬಿಕೆ. ಕೆಲವೆಡೆ ಗೋಡೆಯ ಅಂಚಿಗೆ ತಡೆಗಂಬಿ ಇಲ್ಲ, ಆದ್ದರಿಂದ ಫೋಟೊ ತೆಗೆಯುತ್ತ ಓಡುವ ಸಾಹಸ ಬೇಡ. ಕೊಲಂಬೊದಲ್ಲಿ 1859ರಲ್ಲಿ ರೂಪುಗೊಂಡ ಗಾಲೆ ಫೇಸ್ ಬಯಲಿನ ಕಡಲಂಚಿನ ದಾರಿ ನೇರವಾಗಿದೆ, ಆದರೆ ಉದ್ದ ಕಡಿಮೆ. ಕಡಲು ಬಿಟ್ಟು ಗುಡ್ಡದ ಕಡೆ ಹೋಗುವವರಿಗೆ ಕ್ಯಾಂಡಿಯ ಕೆರೆಯಿದೆ. 1807ರಲ್ಲಿ ಅಲ್ಲಿನ ಕೊನೆಯ ಅರಸ ಕಟ್ಟಿಸಿದ ಆ ಕೆರೆಯ ಸುತ್ತಳತೆ ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಮರಗಳ ನೆರಳಿದೆ, ಕರಾವಳಿಗಿಂತ ಹವೆ ತಂಪು.

ಬಾಲಿಗೆ ನಾನು ಹೋಗಿಲ್ಲ. ನನ್ನ ಮಗಳು ಮತ್ತು ಅಳಿಯ ಓಡಿ ಬಂದು ಹೇಳಿದ್ದನ್ನು ಬರೆಯುತ್ತಿದ್ದೇನೆ. ಅಲ್ಲಿ ಸಾನುರ್ ಎಂಬ ಪೂರ್ವ ತೀರದಲ್ಲಿ ಕಡಲಿಗೆ ಒತ್ತಿಕೊಂಡೇ ಐದು ಕಿಲೋಮೀಟರಿಗೂ ಹೆಚ್ಚು ಉದ್ದದ ಕಲ್ಲುಹಾಸಿನ ದಾರಿಯಿದ್ದು, ಮೋಟಾರು ವಾಹನಗಳ ಕಾಟವಿಲ್ಲ. ಆಕಾಶ ತಿಳಿಯಾಗಿದ್ದರೆ ಅಗುಂಗ್ ಜ್ವಾಲಾಮುಖಿ ಪರ್ವತ ಕಾಣುತ್ತದೆ. ಉಬುದ್ ಪಟ್ಟಣದ ಪಕ್ಕದ ಚಂಪುಹಾನ್ ದಿಣ್ಣೆಯ ಕಾಲುದಾರಿ ಎರಡು ಕಿಲೋಮೀಟರ್ ಇದ್ದರೂ ಏರಿಳಿತದಿಂದ ಉಸಿರು ತೆಗೆಸುತ್ತದೆ. ಒಂದು ವಿಷಯವನ್ನು ಇಲ್ಲಿ ನೆನಪಿಸಬೇಕು. ಬಾಲಿಯ ಹಿಂದೂಗಳ ಶಕ ವರ್ಷದ ಮೊದಲ ದಿನವಾದ ನ್ಯೆಪಿಯಂದು ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ, ಪ್ರವಾಸಿಗರೂ ವಸತಿಗೃಹದಿಂದ ಹೊರಗೆ ಬರುವಂತಿಲ್ಲ. ಆ ದಿನ ಕೆಲವು ವರ್ಷ ನಮ್ಮ ಯುಗಾದಿಯಂದೇ ಬೀಳುತ್ತದೆ. 2023ರ ಮಾರ್ಚ್ 22ರಂದು ಹಾಗೆಯೇ ಆಗಿತ್ತು. ಹಬ್ಬದ ರಜೆಯಲ್ಲಿ ಹೋಗುವವರು ದಿನಾಂಕ ನೋಡಿಕೊಳ್ಳಲಿ, ಅವರ ಮೌನವನ್ನು ಗೌರವಿಸಲಿ. ಸಿಂಗಪುರದಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿ ಹೇಳುವಂತೆ, ಅಲ್ಲಿನ ಈಸ್ಟ್ ಕೋಸ್ಟ್ ಉದ್ಯಾನದಲ್ಲಿ ಕಡಲಂಚಿಗೆ ಸುಮಾರು 15 ಕಿಲೋಮೀಟರ್ ದಾರಿಯಿದೆ. ಸೂರ್ಯೋದಯ ವರ್ಷವಿಡೀ ಏಳು ಗಂಟೆಯ ಆಸುಪಾಸಿನಲ್ಲೇ ಆಗುತ್ತದೆ, ಆದ್ದರಿಂದ ಅಲ್ಲಿ ತಡವಾಗಿ ಎದ್ದವನಿಗೂ ನಷ್ಟವಿಲ್ಲ. ಅಂಡಮಾನಿಗೂ ಸಿಂಗಪುರಕ್ಕೂ ಇರುವ ಈ ಅಂತರವನ್ನು ನೋಡಿದರೆ, ಪ್ರತಿ ದ್ವೀಪದ ಬೆಳಗನ್ನೂ ಬೇರೆಯಾಗಿಯೇ ತಿಳಿದುಕೊಳ್ಳಬೇಕೆಂಬುದು ಮನವರಿಕೆಯಾಗುತ್ತದೆ.

ಹೆಣ್ಣುಮಕ್ಕಳ ಓಟದ ಬಗ್ಗೆಯೂ ಹೇಳಬೇಕು. ನಮ್ಮ ಕಾಲುವೆಯ ಗುಂಪಿನಲ್ಲಿ ಈಗ ನಾಲ್ಕು ಮಂದಿ ಮಹಿಳೆಯರಿದ್ದಾರೆ. ಊರಿನಲ್ಲಿ ಜನರ ನೋಟಕ್ಕೆ ಅಂಜಿ ದುಪಟ್ಟಾ ಹೊದ್ದು ನಡೆಯುತ್ತಿದ್ದ ನನ್ನ ಮನೆಯವರು ಮೊದಲ ಬಾರಿಗೆ ನಿರಾಳವಾಗಿ ಓಡಿದ್ದು ರಾಧಾನಗರದ ಮರಳಿನ ಮೇಲೆ. ಆಕೆಗಾಗ 56 ವರ್ಷ. ಇನ್ನೂರು ಹೆಜ್ಜೆ ಓಡಿ, ನಿಂತು, ಮತ್ತೆ ಇನ್ನೂರು ಹೆಜ್ಜೆ ಓಡಿದರು. ಊರಿಗೆ ಬಂದ ಮೇಲೆ ಅದನ್ನು ಬಿಡಲಿಲ್ಲ, ಈಗ ಕಾಲುವೆಯ ಮೇಲೆ ಮೂರು ಕಿಲೋಮೀಟರ್ ನಿಲ್ಲದೆ ಓಡುತ್ತಾರೆ. ಇಂಥವರಿಗೆ ಬೇಕಾದ ಮಾಹಿತಿ ಎಂದರೆ ದಾರಿಯಲ್ಲಿ ಆ ಹೊತ್ತಿಗೆ ಜನರ ಓಡಾಟ ಇರುತ್ತದೆಯೇ, ಬೀದಿನಾಯಿಗಳ ಹಾವಳಿ ಎಷ್ಟು, ಶೌಚಾಲಯ ಎಲ್ಲಿದೆ, ಹಳ್ಳಿಯ ನಡುವೆ ಹಾಯುವಾಗ ಯಾವ ಉಡುಪು ಅಲ್ಲಿನವರಿಗೆ ಮುಜುಗರ ಉಂಟುಮಾಡುವುದಿಲ್ಲ ಎಂಬುದು. ಸೂರ್ಯಾಸ್ತದ ಚಿತ್ರ ಎಷ್ಟು ಸುಂದರವಾಗಿದ್ದರೂ ಅದರಿಂದ ಇವುಗಳಿಗೆ ಉತ್ತರ ಸಿಗುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಮುಂದೆ ಯಾವುದೇ ದ್ವೀಪದ ಬಗ್ಗೆ ಪ್ರವಾಸದ ಪುಟ ಬಂದಾಗ ಮೂಲೆಯಲ್ಲಿ ಒಂದು ಸಣ್ಣ ಚೌಕಟ್ಟು ಮೀಸಲಿಡಿ. ಆ ತಿಂಗಳ ಸೂರ್ಯೋದಯದ ಹೊತ್ತು, ನಡೆಯಲು ಓಡಲು ಯೋಗ್ಯವಾದ ಒಂದೆರಡು ದಾರಿ, ಅದರ ದೂರ, ನೆರಳು ಯಾವ ಕಡೆ, ಎಲ್ಲಿಗೆ ಹೋಗಬಾರದು ಎಂಬುದಷ್ಟು ಇದ್ದರೆ ಸಾಕು. ಲೇಖಕರು ಅಲ್ಲಿಗೆ ಹೇಗೂ ಹೋಗಿರುತ್ತಾರೆ. ಒಂದು ಬೆಳಗ್ಗೆ ಬೇಗ ಎದ್ದು ಆ ದಾರಿಯಲ್ಲಿ ನಡೆದು ನೋಡಿ ಬರೆಯಲಿ. ಬೇರೆಯವರ ಬರಹದಿಂದ ಎತ್ತಿಕೊಂಡ ಮಾಹಿತಿ ಇಂಥ ವಿಷಯದಲ್ಲಿ ಅಪಾಯಕ್ಕೆ ದಾರಿ ಮಾಡುತ್ತದೆ. ಗುಂಪು ಪ್ರವಾಸ ಏರ್ಪಡಿಸುವ ನಮ್ಮ ಭಾಗದ ಸಂಘಟಕರೂ ಈ ಪತ್ರವನ್ನು ಓದಿದರೆ, ಒಂದು ದ್ವೀಪದಲ್ಲಿ ಕನಿಷ್ಠ ಎರಡು ರಾತ್ರಿ ತಂಗುವಂತೆಯೂ ವಸತಿ ಕಡಲ ದಾರಿಗೆ ನಡೆಯುವಷ್ಟು ಹತ್ತಿರದಲ್ಲಿರುವಂತೆಯೂ ಯೋಜಿಸಲಿ ಎಂದು ಕೋರುತ್ತೇನೆ. ಒಂದೇ ರಾತ್ರಿ ತಂಗಿದರೆ ಮೊದಲ ಬೆಳಗು ದಾರಿ ಹುಡುಕುವುದರಲ್ಲೇ ಕಳೆದುಹೋಗುತ್ತದೆ.

ಬರುವ ಸಂಕ್ರಾಂತಿಯ ನಂತರ ನಮ್ಮ ಗುಂಪಿನ ಎಂಟು ಮಂದಿ ಲಕ್ಷದ್ವೀಪಕ್ಕೆ ಹೋಗುವ ಸಿದ್ಧತೆಯಲ್ಲಿದ್ದೇವೆ. ಅದಕ್ಕೆ ಬೇಕಾದ ಪ್ರವೇಶ ಪರವಾನಗಿಯ ಕಾಗದಪತ್ರಗಳನ್ನು ಈಗಲೇ ಹೊಂದಿಸಿಕೊಳ್ಳುತ್ತಿದ್ದೇವೆ. ಅಗತ್ತಿ ಉದ್ದಕ್ಕೆ ಚಾಚಿಕೊಂಡ ಕಿರಿದಾದ ದ್ವೀಪ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭವಿದೆ. ಈ ಎರಡು ದ್ವೀಪಗಳಲ್ಲಿ ಬೆಳಗಿನ ಹೊತ್ತು ಓಡಿದ ಅಥವಾ ನಡೆದ ಅನುಭವವಿರುವ ಓದುಗರು ಯಾರಾದರೂ ಇದ್ದರೆ, ರಸ್ತೆಯ ಸ್ಥಿತಿ ಹೇಗಿದೆ, ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಮಹಿಳೆಯರ ಉಡುಪಿನ ವಿಷಯದಲ್ಲಿ ಅಲ್ಲಿನ ಜನ ಏನನ್ನು ನಿರೀಕ್ಷಿಸುತ್ತಾರೆ ಎಂಬುದನ್ನು ತಮ್ಮ ವಾಚಕರ ವಾಣಿಯಲ್ಲೇ ಬರೆದು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕ
ಗಂಗಾವತಿ, ಕೊಪ್ಪಳ ಜಿಲ್ಲೆ